ಅರ್ಧ ಸರ್ಕಾರಕ್ಕೆ

ಐರ್ಲೆಂಡಿನಲ್ಲಿ ಯಾರಾದರೂ "ಹೇಗಿದ್ದೀಯ?" ಎಂದು ಕೇಳಿದರೆ "ಗ್ರ್ಯಾಂಡ್" ಎಂದು ಹೇಳಿ ಮುಂದೆ ಹೋಗಬೇಕು. ಕೇಳಿದವರಿಗೂ ಅಷ್ಟೇ ಬೇಕಿರುತ್ತದೆ. ನಾಲ್ಕು ವರ್ಷ ಈ ನಿಯಮವನ್ನು ತಪ್ಪದೆ ಪಾಲಿಸಿಕೊಂಡು ಬಂದಿದ್ದ ಸುಬ್ರಾಯ ಆ ಶುಕ್ರವಾರ ಬೆಳಿಗ್ಗೆ ನಿಜ ಹೇಳಿಬಿಟ್ಟ.

ತಪ್ಪು ಅವನದಲ್ಲ, ಪೇಸ್ಲಿಪ್ಪಿನದು. ಕೊರೊನಾ ಬಂದ ಎರಡನೆಯ ಬೇಸಿಗೆ ಅದು. ಕ್ಲಾಂಡಾಲ್ಕಿನ್ನಿನ ಬಾಡಿಗೆ ಮನೆಯ ಅಡುಗೆಮನೆಯೇ ಅವನ ಆಫೀಸು. ಬಸ್ ಟಿಕೆಟ್ ಯಂತ್ರಗಳ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸ. ಹಿಂದಿನ ತಿಂಗಳು ನಾಲ್ಕು ಶನಿವಾರ ಓವರ್‌ಟೈಮ್ ಮಾಡಿದ್ದ. ಬೆಳಿಗ್ಗೆ ಪೇಸ್ಲಿಪ್ ತೆರೆದು ನೋಡಿದರೆ, ಆ ನಾಲ್ಕು ಶನಿವಾರಗಳಲ್ಲಿ ಸುಮಾರು ಎರಡನ್ನು ಸರ್ಕಾರ ಎತ್ತಿಕೊಂಡು ಹೋಗಿತ್ತು.

ಅದೇ ಉರಿಯಲ್ಲಿ ಕಸದ ಡಬ್ಬಿ ಹೊರಗಿಡಲು ಹೋದಾಗ ಪಕ್ಕದ ಮನೆಯ ಬ್ರೀಡಾ ಬೇಲಿಯ ಆಚೆಯಿಂದ ಕೇಳಿದಳು, "ಹೇಗಿದ್ದೀಯ ಸುಬ್ಬು?"

ಸುಬ್ರಾಯ ಹತ್ತು ನಿಮಿಷ ಹೇಳಿದ. ತೆರಿಗೆ, ಬಾಡಿಗೆ, ಮಗಳ ಶಿಶುವಿಹಾರದ ಫೀಜು, ಎಲ್ಲವನ್ನೂ ಹೇಳಿದ. ಬೇಲಿ ಕತ್ತರಿಸುತ್ತಿದ್ದ ಬ್ರೀಡಾಳ ಕೈ ನಿಂತಿತು. ಅರವತ್ತು ದಾಟಿದ ಆಕೆ ವಿರೋಧ ಪಕ್ಷದ ಕಾರ್ಯಕರ್ತೆ. ಒಂದೂವರೆ ವರ್ಷದಿಂದ ಮನೆಮನೆ ಬಾಗಿಲು ತಟ್ಟಲಾಗದೆ ಮೂಲೆಯಲ್ಲಿಟ್ಟ ಕೊಡೆಯಂತೆ ಮುದುಡಿಕೊಂಡಿದ್ದಳು. ಈಗ ಫಟ್ಟನೆ ಅರಳಿದಳು.

"ನಮ್ಮ ಓರ್ಲಾ ಪಾರ್ಲಿಮೆಂಟಲ್ಲಿ ಬಡ್ಕೋತಿರೋದು ಇದನ್ನೇ! ದುಡಿಯೋ ಸಂಸಾರಗಳ ತೆರಿಗೆ ಇಳಿಸಿ ಅಂತ. ಇವತ್ತು ಅವಳಿಗೆ ವಿಡಿಯೊಗೆ ಒಂದು ದುಡಿಯೋ ಸಂಸಾರ ಬೇಕಾಗಿತ್ತು. ಎರಡು ಗಂಟೆಗೆ ನಿಮ್ಮನೆ ಮುಂದೆ."

"ಅಯ್ಯೋ ಬೇಡ ಬ್ರೀಡಾ, ನನಗೆ ಆಫೀಸಿದೆ."

"ಹತ್ತೇ ನಿಮಿಷ," ಎನ್ನುವಷ್ಟರಲ್ಲಿ ಬ್ರೀಡಾ ಫೋನು ಕಿವಿಗಿಟ್ಟಾಗಿತ್ತು.

ಒಳಗೆ ಬಂದು ಹೆಂಡತಿ ನಿಸರ್ಗಾಳಿಗೆ ಹೇಳಿದ. ಆಕೆ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಯಾವುದೋ ಅಂಗಡಿಯ ಗಿರಾಕಿಗಳಿಗೆ ಫೋನಿನಲ್ಲಿ ಸಮಾಧಾನ ಹೇಳುವ ಕೆಲಸದಲ್ಲಿದ್ದಳು. ಗಿರಾಕಿಗೆ ಮೂರು ಸಲ ಸಾರಿ ಹೇಳಿ, ಮೈಕು ಮುಚ್ಚಿ, ಗಂಡನ ಕಡೆ ತಿರುಗಿದಳು.

"ಹೋದ ವಾರ ತಾನೆ ಬಿಟ್ಟಿ ಲಸಿಕೆ ಹಾಕಿಸ್ಕೊಂಡು ಬಂದ್ರಿ. ಅದು ಯಾರಪ್ಪನ ಮನೆ ದುಡ್ಡು? ಸುಮ್ನೆ ಕೆಲಸ ನೋಡ್ಕೊಳ್ರೀ!"

ಮನೆಯಲ್ಲಿ ಬೆಂಬಲ ಸಿಗದೆ ಸುಬ್ರಾಯ ವೆಂಕಟೇಶಮೂರ್ತಿಗೆ ಫೋನ್ ಮಾಡಿದ. ಮೂರ್ತಿ ಸುಬ್ರಾಯನ ಆಫೀಸಿನವರೇ, ಅವನ ತಂಡದವರೇ. ಎಂಟು ವರ್ಷ ದೊಡ್ಡವರು. ಯಾರು ಏನು ಕೇಳಿದರೂ, ಕೇಳದಿದ್ದರೂ, ಸಲಹೆ ಕೊಡುವವರು.

"ಸಾರ್, ನನ್ನ ಹಾಗೆ ವರ್ಕ್ ಪರ್ಮಿಟ್ ಮೇಲಿರೋನು ರಾಜಕೀಯ ಮಾತಾಡಬಹುದಾ?"

"ಧಾರಾಳವಾಗಿ ಮಾತಾಡು. ಆದರೆ ನಿನ್ನ ಮನೆ ನೋಡಿದ್ರೆ ಕಷ್ಟದಲ್ಲಿರೋನು ಅಂತ ಯಾರಿಗೂ ಅನಿಸಲ್ಲ ಕಣೋ. ಇರು, ಬಂದೆ."

ಮುಕ್ಕಾಲು ಗಂಟೆಯಲ್ಲಿ ಮೂರ್ತಿ ಮಾಸ್ಕ್ ಹಾಕಿಕೊಂಡು ನಡೆದೇ ಬಂದರು. ಬಂದವರೇ ಅಂಗಳದ ಕುಂಡಗಳನ್ನು ಹಿತ್ತಲಿಗೆ ಸಾಗಿಸಿದರು. ಮಗಳ ಹೊಸ ಸೈಕಲ್ಲನ್ನು ಷೆಡ್ಡಿಗೆ ತಳ್ಳಿದರು. ಸುಬ್ರಾಯನ ಅಂಗಿ ಬಿಚ್ಚಿಸಿ, ಪೇಂಟ್ ಹೊಡೆಯುವಾಗ ಹಾಕುವ ಟೀ ಶರ್ಟ್ ಹಾಕಿಸಿದರು. ಕಡೆಗೆ ಕಾರಿನ ಕೀಲಿಗೆ ಕೈ ಚಾಚಿದರು.

"ಹೋದ ತಿಂಗಳು ತಗೊಂಡ ಕಾರು ಬಾಗಿಲಲ್ಲಿಟ್ಕೊಂಡು ತೆರಿಗೆ ಭಾರ ಅಂತೀಯಾ? ನಮ್ಮನೆ ಹತ್ರ ನಿಲ್ಲಿಸಿರ್ತೀನಿ, ಕೊಡು." ಹೊರಡುವಾಗ ಬಾಗಿಲಲ್ಲಿ ನಿಂತು ಸೇರಿಸಿದರು, "ಮತ್ತೆ ನೋಡು, ಸುಮ್ನೆ ಅಳಬೇಡ. 'ಸಂಬಳ ಜಾಸ್ತಿ ಮಾಡಿದ್ರೂ ನನಗೆ ಬೇಡ, ಅರ್ಧ ಸರ್ಕಾರಕ್ಕೇ ಹೋಗುತ್ತೆ' ಅನ್ನು. ಆ ಮಾತು ನಾಟುತ್ತೆ."

ಎರಡು ಗಂಟೆಗೆ ಓರ್ಲಾ ಕೀವನಿ ಬಂದಳು. ನಲವತ್ತರ ಚುರುಕು ಹೆಂಗಸು, ಜೊತೆಗೆ ಫೋನು ಸಿಕ್ಕಿಸಿದ ಕೋಲು ಹಿಡಿದ ಸಹಾಯಕಿ. ಎರಡು ಮೀಟರ್ ದೂರದಲ್ಲಿ ನಿಂತು ಸುಬ್ರಾಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಕೆಯ ಮುಖ ಇಳಿದುಹೋಯಿತು.

"ಬ್ರೀಡಾ, ಕೆಲಸ ಇರೋನು ಅಂದಿದ್ದೆಯಲ್ಲ?"

"ಇದೆ, ಕೆಲಸ ಇದೆ," ಎಂದ ಸುಬ್ರಾಯ, ಟೀ ಶರ್ಟಿನ ಪೇಂಟ್ ಕಲೆಯನ್ನು ಕೈಯಿಂದ ಮುಚ್ಚಿಕೊಂಡು.

"ಹಾಗಾದ್ರೆ ಈ ವೇಷ ಯಾಕೆ? ನಾನು ಹೇಳ್ತಿರೋದು ದಿಕ್ಕಿಲ್ಲದವರ ಕಥೆ ಅಲ್ಲ. ನರ್ಸು, ಬಸ್ ಡ್ರೈವರು, ನಿನ್ನಂಥವನು, ಈ ಪಿಡುಗಿನಲ್ಲಿ ದೇಶ ನಿಲ್ಲದಂತೆ ನೋಡಿಕೊಂಡವರು. ಒಂದಿಷ್ಟು ಹೆಚ್ಚು ದುಡಿದರೆ ಸಾಕು, ಸಾಹುಕಾರರ ದರದಲ್ಲಿ ತೆರಿಗೆ ಬೀಳುತ್ತೆ. ಹೆಚ್ಚಿನ ದರ ಶುರುವಾಗೋ ಗೆರೆಯನ್ನ ಮೇಲಕ್ಕೆ ಸರಿಸಿ ಅನ್ನೋದೇ ನನ್ನ ವಾದ. ದುಡಿದು ಕಾರು ತಗೊಂಡ್ರೆ ಅದು ಅಪರಾಧವಲ್ಲ. ಎಲ್ಲಿ, ಹೊಸ ಕಾರಿದೆ ಅಂದ್ಲು ಬ್ರೀಡಾ? ಅದರ ಪಕ್ಕ ನಿಂತರೆ ಚಿತ್ರ ಚೆನ್ನಾಗಿ ಬರುತ್ತೆ."

ಸುಬ್ರಾಯ ಖಾಲಿ ಜಾಗ ನೋಡಿದ. ಬ್ರೀಡಾಳೂ ನೋಡಿದಳು. "ಬೆಳಿಗ್ಗೆ ಇಲ್ಲೇ ಇತ್ತು! ಕದ್ದುಬಿಟ್ರಾ? ಗಾರ್ಡಾಗೆ ಫೋನ್ ಮಾಡ್ಲಾ?" ಎಂದು ಕೂಗಿಕೊಂಡಳು. ಎದುರು ಮನೆಯ ಕಿಟಕಿ ತೆರೆಯಿತು. ಇನ್ನೆರಡು ಮನೆಯವರು ಪೊಲೀಸರ ಸುದ್ದಿ ಕೇಳಿ ಅಂಗಳಕ್ಕೆ ಇಳಿದರು. ಕಾರನ್ನು ತಾನೇ ಬಚ್ಚಿಟ್ಟಿದ್ದೇಕೆ ಎಂದು ಇಂಗ್ಲಿಷಿನಲ್ಲಿ ವಿವರಿಸಲು ಸುಬ್ರಾಯನಿಗೆ ಹತ್ತು ನಿಮಿಷ ಹಿಡಿಯಿತು. ವಿವರಿಸಿದ ಮೇಲೂ ಯಾರಿಗೂ ಅರ್ಥವಾಗಲಿಲ್ಲ.

ಅಂಗಿ ಬದಲಿಸಿಕೊಂಡು ಬರಲು ಒಳಗೆ ಓಡಿದ. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮ್ಯಾನೇಜರ್ ಡೆಕ್ಲನ್! ಕೆಲಸದ ಹೊತ್ತಿನಲ್ಲಿ ಅಂಗಳದಲ್ಲಿ ನಿಂತಿರುವುದು ಅವನಿಗೆ ಹೇಗೆ ಗೊತ್ತಾಯಿತು? ಸುಬ್ರಾಯ ಕಟ್ ಮಾಡಿದ. ಗುಂಡಿ ಹಾಕುವಾಗ ಮತ್ತೆ ಬಂತು. ಮತ್ತೆ ಕಟ್. ಅಂಗಳಕ್ಕೆ ಬಂದಾಗ ಮೂರನೆಯ ಸಲ ಬಂತು. ಫೋನನ್ನೇ ಆಫ್ ಮಾಡಿದ.

"ಮೊದಲು ಒಂದ್ಸಲ ಹಾಗೇ ಹೇಳಿ ಅಭ್ಯಾಸ ಮಾಡ್ತೀನಿ," ಎಂದ. ಸಹಾಯಕಿ ಹೆಬ್ಬೆರಳು ಎತ್ತಿದಳು.

ಅಭ್ಯಾಸವೇ ತಾನೆ ಎಂದು ಸುಬ್ರಾಯ ಧೈರ್ಯವಾಗಿ ಶುರುಮಾಡಿದ. ಶುರುಮಾಡಿದ್ದಷ್ಟೇ ಅವನು. ಆಮೇಲೆ ಮಾತನಾಡಿದ್ದು ಬೆಳಗಿನ ಪೇಸ್ಲಿಪ್ಪು. ಮಗಳ ಜೊತೆ ಡನ್ ಲಿಯರಿಯ ಕಡಲ ದಂಡೆಗೆ ಹೋಗಬೇಕಾಗಿದ್ದ ನಾಲ್ಕು ಶನಿವಾರಗಳನ್ನು ಮಾರಿಕೊಂಡೆ, ಸಿಕ್ಕಿದ್ದು ಎರಡರ ಬೆಲೆ ಎಂದ. ಅಕ್ಕಪಕ್ಕದವರು ತಲೆಯಾಡಿಸಿದರು. ಅವರು ತಲೆಯಾಡಿಸುವುದು ಕಂಡು ಅವನ ಆವೇಶ ಇನ್ನಷ್ಟು ಏರಿತು.

"ನಾಳೆ ಕಂಪನಿಯವರು ಬಂದು ಬಡ್ತಿ ತಗೋ ಅಂದ್ರೂ ನನಗೆ ಬೇಡ! ಸಂಬಳ ಜಾಸ್ತಿ ಮಾಡಿದ್ರೂ ಬೇಡ! ಅರ್ಧ ಸರ್ಕಾರಕ್ಕೇ ಹೋಗುತ್ತೆ!"

ಚಪ್ಪಾಳೆ ಬಿತ್ತು. ಓರ್ಲಾ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಸರಿ, ಈಗ ನಿಜವಾದ ವಿಡಿಯೊ ಮಾಡೋಣ," ಎಂದ ಸುಬ್ರಾಯ ಬೆವರು ಒರೆಸಿಕೊಂಡು.

"ಮಾಡಾಯ್ತಲ್ಲ," ಎಂದಳು ಸಹಾಯಕಿ. "ನೇರ ಪ್ರಸಾರ. ಆಗಲೇ ಎರಡು ಸಾವಿರ ಜನ ನೋಡಿದ್ರು."

ಐದು ಗಂಟೆಯವರೆಗೆ ಸುಬ್ರಾಯ ಲ್ಯಾಪ್‌ಟಾಪಿನ ಮುಂದೆ ಕೂತು ಒಂದಕ್ಷರ ಒತ್ತಲಿಲ್ಲ. ನಿಸರ್ಗಾ ಟೀ ಲೋಟ ಕುಕ್ಕಿ ಹೋದಳು. ಫೋನು ಆನ್ ಮಾಡಿದ ಮರುಗಳಿಗೆಯೇ ಡೆಕ್ಲನ್ ಕರೆ ಬಂತು. ಕೆಲಸ ಹೋಯಿತು, ಕೆಲಸದ ಜೊತೆಗೆ ಪರ್ಮಿಟ್ಟೂ ಹೋಯಿತು ಎಂದುಕೊಂಡು ಎತ್ತಿಕೊಂಡ.

"ಸುಬ್ಬು, ನಿನ್ನ ವಿಡಿಯೊ ನೋಡಿದೆ. ನನ್ನ ಹೆಂಡತಿ ಅತ್ತೇಬಿಟ್ಟಳು," ಎಂದ ಡೆಕ್ಲನ್.

"ಸಾರಿ ಡೆಕ್ಲನ್. ಆಫೀಸ್ ಹೊತ್ತಲ್ಲಿ..."

"ಹತ್ತು ನಿಮಿಷಕ್ಕೆಲ್ಲ ಯಾರು ಲೆಕ್ಕ ಇಡ್ತಾರೆ? ನಾನು ಫೋನ್ ಮಾಡಿದ್ದು ಬೇರೆ ವಿಷಯಕ್ಕೆ. ತಂಡದ ಮುಖ್ಯಸ್ಥನ ಜಾಗಕ್ಕೆ ನಿನ್ನ ಹೆಸರು ಒಪ್ಪಿಸೋಕೆ ಆರು ವಾರ ಮೇಲಿನವರ ಜೊತೆ ಗುದ್ದಾಡಿದ್ದೆ. ಇವತ್ತು ಮೂರು ಗಂಟೆಯೊಳಗೆ ನಿನ್ನ ಒಪ್ಪಿಗೆ ಬೇಕಿತ್ತು. ನೀನು ಮೂರು ಸಲವೂ ಕಟ್ ಮಾಡಿದೆ. ಯಾಕೆ ಅಂತ ತಲೆ ಕೆಡಿಸಿಕೊಂಡಿದ್ದಾಗ ವಿಡಿಯೊ ಬಂತು. ಆಗ ಎಲ್ಲ ಅರ್ಥವಾಯ್ತು. ನಿನ್ನ ಮನಸ್ಸಿಗೆ ವಿರುದ್ಧವಾಗಿ ನಾವು ಹೋಗಲ್ಲಪ್ಪ. ಬೇರೆಯವರಿಗೆ ಕೊಟ್ಟೆವು. ಕೇಳಿದ ತಕ್ಷಣ ಒಪ್ಪಿಕೊಂಡರು. ಎಷ್ಟು ತೆರಿಗೆ ಬಿದ್ದರೂ ಅವರದೇನೂ ತಕರಾರಿಲ್ಲವಂತೆ."

ಡೆಕ್ಲನ್ ಇಟ್ಟ ಮೇಲೆ ಒಂದು ನಿಮಿಷಕ್ಕೆ ವೆಂಕಟೇಶಮೂರ್ತಿಯ ಫೋನು ಬಂತು.

"ಏನು ಮಾತಾಡಿದ್ಯೋ ಸುಬ್ರಾಯ! ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳ್ದೆ. ನೋಡು, ಬಡ್ತಿ ನನ್ನ ತಲೆಗೆ ಕಟ್ಟಿಬಿಟ್ರು. ಏನ್ಮಾಡೋದು, ಯಾರಾದ್ರೂ ಹೊರಬೇಕಲ್ಲ. ಸೋಮವಾರದಿಂದ ನೀನು ನನ್ನ ಕೈಕೆಳಗೆ."

"ಅಭಿನಂದನೆ ಸಾರ್," ಎಂದಿತು ಸುಬ್ರಾಯನ ಗಂಟಲು.

"ಇರಲಿ ಇರಲಿ. ನಾಳೆ ಶನಿವಾರ ಬೆಳಿಗ್ಗೆ ಎಂಟಕ್ಕೆ ಲಾಗಿನ್ ಆಗ್ಬಿಡು, ರಾಶಿ ಕೆಲಸ ಬಿದ್ದಿದೆ. ಆದರೆ ನೀನೇನೂ ಹೆದರಬೇಡ, ಓವರ್‌ಟೈಮ್ ಅಂತ ಎಲ್ಲೂ ಬರೆಯಲ್ಲ. ನನ್ನ ಕೈಕೆಳಗೆ ಇರೋವರೆಗೂ ನಿನ್ನಿಂದ ಸರ್ಕಾರಕ್ಕೆ ಒಂದು ಸೆಂಟೂ ಹೆಚ್ಚಿಗೆ ಹೋಗದಂತೆ ನಾನು ನೋಡ್ಕೋತೀನಿ."