ಮೊಣಕಾಲು ನೋಡಲು ಬೆಂಗಳೂರಿಗೆ

ನಮ್ಮತ್ತೆಯನ್ನು ಕರೆದುಕೊಂಡು ಊರು ದಾಟಿದ ಮೇಲೆ ಏನೂ ಆಗದೆ ಮನೆಗೆ ಬಂದೆವು ಎನ್ನುವ ದಿನ ನನ್ನ ಸಂಸಾರದಲ್ಲಿ ಇನ್ನೂ ಬಂದಿಲ್ಲ. ಕುಂದಗೋಳಕ್ಕೆ ಹೋದರೆ ಒಂದು, ಹುಬ್ಬಳ್ಳಿಗೆ ಹೋದರೆ ಎರಡು. ಇನ್ನು ಕಬಡ್ಡಿ ನೋಡಲು ಬೆಂಗಳೂರಿಗೆ ಹೋದರೆ ಬಿಟ್ಟೀತೇ?

ಗುಡಗೇರಿ ಸ್ಟೇಷನ್ ರಸ್ತೆಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಸಂಜೆ ಗಿರಣಿ ನಿಂತಿತೆಂದರೆ ಅತ್ತೆ ಸೆರಗಿನ ಹಿಟ್ಟು ಕೊಡವಿ ಟಿವಿ ಮುಂದೆ ಹಾಜರು. ಮೊದಲು ಧಾರಾವಾಹಿ ನೋಡಿ ಅಳುತ್ತಿದ್ದರು. ಈಗ ಕಬಡ್ಡಿ ನೋಡಿ ಬೈಯುತ್ತಾರೆ, ಆರೋಗ್ಯ ಸುಧಾರಿಸಿದೆ. ಅದರಲ್ಲೊಬ್ಬ ಹರಿಯಾಣದ ಕಡೆಯ ಆಟಗಾರ. ಎದುರಾಳಿಗಳ ಅಂಕಣಕ್ಕೆ ನುಗ್ಗಿ, ಮುಟ್ಟಿ, ಜಾರಿಕೊಂಡು ಬರುವುದರಲ್ಲಿ ಪಳಗಿದವನು. ಅತ್ತೆಗೆ ಅವನು 'ನಮ್ಮ ಹುಡುಗ'. ಆ ಹುಡುಗ ಒಂದು ದಿನ ಮೊಣಕಾಲು ಹಿಡಿದುಕೊಂಡು ಕುಂಟುತ್ತ ಹೊರಗೆ ಹೋದ. ಆಮೇಲೆ ಆಟಕ್ಕೇ ಇಳಿಯಲಿಲ್ಲ.

"ಟಿವಿಯವ್ರು ಅವನ ಸುದ್ದೀನ ಎತ್ತವಲ್ರು. ಕಣ್ಣಾರೆ ನೋಡೂ ತನಕಾ ನನಗ ಊಟ ಸೇರೂದಿಲ್ಲ" ಎಂದು ಅತ್ತೆ ಅರ್ಧ ರೊಟ್ಟಿಗೇ ಏಳತೊಡಗಿದರು. ನನಗೆ ನಗು ಬಂತು, ಆಮೇಲೆ ಪಾಪ ಎನಿಸಿತು. ನನ್ನ ಗಂಡ ಮೊಬೈಲಿನಲ್ಲೇ ಶನಿವಾರ, ಭಾನುವಾರದ ಆಟಕ್ಕೆ ಟಿಕೆಟ್ ತೆಗೆದರು.

ರೋಗಿಯ ಹಣ್ಣು

ಗಿರಣಿಗೆ ಬೀಗ ಹಾಕುವುದನ್ನು ಕಂಡು ಓಣಿಯವರು ಯಾಕೆಂದು ಕೇಳಿದರು. ಅತ್ತೆ ಇದ್ದದ್ದು ಇದ್ದಂತೆ ಹೇಳಿದರು: "ಹುಡುಗನ ಮೊಣಕಾಲಿಗೆ ಪೆಟ್ಟಾಗೇತಿ. ನೋಡ್ಕೊಂಡ ಬರಾಕ ಬೆಂಗಳೂರಿಗೆ ಹೊಂಟೇವಿ."

ಸಂಜೆಯೊಳಗೆ ಬಾಳೆಹಣ್ಣು, ಬ್ರೆಡ್ಡು, ಎಳನೀರು ಬಂದವು. ಎದುರುಮನೆಯ ಅಜ್ಜಿಯಂತೂ ಕಣ್ಣೊರೆಸಿಕೊಂಡು, "ಹುಡುಗ ಏನ ಕೆಲಸಾ ಮಾಡ್ತಾನ್ರಿ?" ಎಂದಳು.

"ಕಬಡ್ಡಿ ಆಡ್ತಾನ."

"ಎಲ್ಲಾ ಹುಡುಗ್ರೂ ಆಡ್ತಾವ ಬಿಡ್ರಿ. ಹೊಟ್ಟಿಗೆ ಏನ ಮಾಡ್ತಾನ?"

ರೈಲಿನಲ್ಲಿ ನಾನೂ ನನ್ನ ಗಂಡನೂ ದಾರಿಯುದ್ದಕ್ಕೂ ಆ ಬಾಳೆಹಣ್ಣು ತಿಂದೆವು. ಅತ್ತೆ ಒಂದನ್ನೂ ಮುಟ್ಟಲಿಲ್ಲ. "ಪೇಶೆಂಟಿಗೆ ಕೊಟ್ಟದ್ದು ತಿನ್ನಾಕ ನಿಮಗ ಮನಸರ ಹೆಂಗ ಬರತೈತಿ?" ಎಂದು ಕಿಟಕಿಯ ಕಡೆ ತಿರುಗಿ ಕುಳಿತರು.

ಗೇಟಿನಲ್ಲಿ ಊಟ

ಕ್ರೀಡಾಂಗಣದ ಗೇಟಿನಲ್ಲಿ ತಪಾಸಣೆಯ ಹೆಣ್ಣುಮಗಳು ನಮ್ಮ ಚೀಲಕ್ಕೆ ಕೈ ಹಾಕಿ ರೊಟ್ಟಿಯ ಗಂಟು ಹೊರಗೆ ತೆಗೆದಳು. "ತಿಂಡಿ ಒಳಗೆ ಬಿಡಲ್ಲ ಅಜ್ಜಿ, ಆ ಡಬ್ಬಿಗೆ ಹಾಕ್ಬಿಡಿ" ಎಂದು ಕಸದ ಡಬ್ಬಿ ತೋರಿಸಿದಳು.

ರೊಟ್ಟಿಯನ್ನು ಕಸಕ್ಕೆ ಹಾಕುವುದೇ? ಅತ್ತೆ ಅಲ್ಲೇ ಬಾಜುಕ್ಕೆ ಕಾಲು ಮಡಚಿ ಕೂತು ಗಂಟು ಬಿಚ್ಚಿದರು. "ಇಲ್ಲೇ ಉಂಡು ಒಳಗ ಹೋಗೂಣು. ನೀ ಉಂಡಿಯೇನವಾ ತಂಗಿ? ಮಾರಿ ಬಾಡೇತಲ್ಲ."

ಪಾಪ, ಆಕೆ ಬೆಳಗಿನಿಂದ ನಿಂತೇ ಇದ್ದಳು. ಬೇಡ ಬೇಡ ಎನ್ನುತ್ತಲೇ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಹಿಡಿದಳು. ಆಮೇಲೆ ಇನ್ನೊಂದು. ಕೈಯೆಲ್ಲ ಎಣ್ಣೆ, ಚಟ್ನಿ. ನಮ್ಮ ಹಿಂದಿನ ಸಾಲನ್ನಿಡೀ ಆಕೆ ಕಣ್ಣಿನಿಂದಲೇ ತಪಾಸಣೆ ಮಾಡಿ ಒಳಗೆ ಬಿಟ್ಟಳು.

ಬೆಂಚಿನ ಆಟ

ಶನಿವಾರ ನಮ್ಮ ಹುಡುಗ ಬೆಂಚಿನಿಂದ ಏಳಲೇ ಇಲ್ಲ. ಅವನ ಪಕ್ಕದಲ್ಲಿ ತರಬೇತುದಾರ. ಜನ ಎದ್ದು ಕುಣಿಯುತ್ತಿದ್ದರು, ಶಿಳ್ಳೆ ಹಾಕುತ್ತಿದ್ದರು. ಅತ್ತೆಯ ಕಣ್ಣು ಮಾತ್ರ ಬೆಂಚು ಬಿಟ್ಟು ಆಚೆ ಈಚೆ ಸರಿಯಲಿಲ್ಲ.

ಚಹಾ ಕುಡಿಯಲು ಹೋಗಿದ್ದ ಪಕ್ಕದ ಸೀಟಿನ ಹುಡುಗ ಓಡಿ ಬಂದು, "ಅಜ್ಜಿ, ಸ್ಕೋರ್ ಎಷ್ಟಾಯ್ತು?" ಎಂದ.

ಅತ್ತೆ ಗಂಭೀರವಾಗಿ ಹೇಳಿದರು: "ಎರಡ ಸಲ ನೀರು ಕುಡುದ. ಒಮ್ಮಿ ಆಕಳಿಸಿದ."

ಹಿಡಿತ

ಭಾನುವಾರ ಆಟ ಅರ್ಧವಾದ ಮೇಲೆ ಅವನು ಎದ್ದು ನಿಂತ. ಮೊಣಕಾಲಿಗೆ ಪಟ್ಟಿ ಇತ್ತು. ಇಷ್ಟು ದಿನ ಅವನು ಆಡಲಿ ಎಂದು ದೇವರಿಗೆ ಕೈ ಮುಗಿದ ಅತ್ತೆಯೇ ಈಗ, "ಬ್ಯಾಡೋ ತಮ್ಮಾ! ಕುಂದ್ರೋ!" ಎಂದು ಕೂಗತೊಡಗಿದರು. ಅವನು ಎದುರಿನವರ ಅಂಕಣಕ್ಕೆ ಹೋದಾಗಲೆಲ್ಲ ಅತ್ತೆ ನನ್ನ ಹೆಗಲಿಗೆ ಮುಖ ಒತ್ತಿ, "ಬಂದನೇನ? ಬಂದನೇನ?" ಎನ್ನುವರು. ಬಂದ. ಪ್ರತಿ ಸಲವೂ ಬಂದ. ಅವನ ತಂಡವೇ ಗೆದ್ದಿತು. ಅತ್ತೆ ಒಂದನ್ನೂ ನೋಡಲಿಲ್ಲ.

ಆಟ ಮುಗಿದ ಮೇಲೆ ಆಟಗಾರರು ಪ್ರೇಕ್ಷಕರ ಕೈ ಕುಲುಕುತ್ತ ಕಟಕಟೆಯ ಗುಂಟ ಬಂದರು. ಅತ್ತೆ ಜನರನ್ನು ಸರಿಸಿ ಮುಂದೆ ನಿಂತಿದ್ದರು. ನಮ್ಮ ಹುಡುಗ ನಗುತ್ತ ಕೈ ಚಾಚಿದ. ಅತ್ತೆ ಕೈಯನ್ನು ನೋಡಲೂ ಇಲ್ಲ. ಬಗ್ಗಿ, ಕಟಕಟೆಯ ಸರಳುಗಳ ನಡುವೆ ಎರಡೂ ಕೈ ತೂರಿಸಿ ಅವನ ಮೊಣಕಾಲು ಹಿಡಿದರು.

ಅವನು ಹಿಂದೆ ಎಳೆದ, ಬಿಡಲಿಲ್ಲ. ಪಕ್ಕಕ್ಕೆ ತಿರುಚಿದ, ಬಿಡಲಿಲ್ಲ. ಇಡೀ ಎದುರಾಳಿ ತಂಡಕ್ಕೆ ಸಿಗದವನು ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತ ಅತ್ತೆಯ ಕೈಯಲ್ಲಿ ಸಿಕ್ಕಿಬಿದ್ದಿದ್ದ. ಸೋತ ತಂಡದವರು ಅಷ್ಟು ದೂರದಿಂದಲೇ ಚಪ್ಪಾಳೆ ಹೊಡೆದರು. ನಾನು ನಾಚಿಕೆಯಿಂದ ಕುಗ್ಗಿ ಇಷ್ಟೇ ಇಷ್ಟಾಗಿದ್ದೆ.

"ದುಖತಾ ಕ್ಯಾ ಬೇಟಾ?" ಎಂದರು ಅತ್ತೆ, ಸಂತೆಯಲ್ಲಿ ಕಲಿತ ಹಿಂದಿಯಲ್ಲಿ.

ಹುಡುಗ ಎಳೆದಾಡುವುದನ್ನು ನಿಲ್ಲಿಸಿದ. ಸುತ್ತ ನೋಡಿ, ತಗ್ಗಿದ ದನಿಯಲ್ಲಿ, "ಥೋಡಾ, ಅಮ್ಮಾ" ಎಂದ. ಅವನ ಕಣ್ಣು ತುಂಬಿದ್ದವು. ಅದನ್ನು ಕಂಡು ನನ್ನವೂ ತುಂಬಿದವು.

ಅಷ್ಟರಲ್ಲಿ ತರಬೇತುದಾರ ಓಡಿ ಬಂದ. ಅತ್ತೆ ಕಾಲು ಬಿಡದೆಯೇ ಅವನ ಮೇಲೆ ಏರಿ ಹೋದರು: "ಇನ್ನೂ ನೋಯ್ತೈತಂತ! ಇವನ್ನ ಯಾಕ ಇಳಿಸಿದ್ರಿ?"

"ನನ್ನ ಹತ್ರ ಆರಾಮಾಗಿದೀನಿ ಅಂದಿದ್ದನಲ್ಲಮ್ಮಾ!" ಎಂದು ಅವನು ತಬ್ಬಿಬ್ಬಾದ. ಕೂಡಲೇ ಐಸ್ ತರಿಸಲು ಯಾರನ್ನೋ ಓಡಿಸಿದ. ಆಮೇಲೆ ಸಾವರಿಸಿಕೊಂಡು ಕೇಳಿದ: "ಅಲ್ಲಾ, ನೀವು ಯಾರು ಇವನಿಗೆ?"

ಅತ್ತೆಗೆ ಸಿಟ್ಟು ನೆತ್ತಿಗೇರಿತು.

"ಯಾರಂದ್ರ? ದಿನಾ ಸಂಜೀಕ ನಮ್ಮ ಮನಿಗೆ ಬರ್ತಾನ್ರಿ. ಇವನ ಬಾಜೂಕ ನೀವೂ ಬರ್ತೀರಿ. ನಾವೇನ ಒಂದ ದಿನಾನರ ನಿಮ್ಮನ್ನ ಯಾರಂತ ಕೇಳೇವೇನು?"