ಎರಡನೇ ಬಹುಮಾನ ಪಡೆದ ಮದುಮಗಳ ಅಹವಾಲು

ಪ್ಲಮ್ ಹಾಲೋ ಬೇಸಿಗೆ ಹಾಟ್ ರಾಡ್ ಹಳೆಕಾರುಗಳ ಮೇಳದ ತೀರ್ಪುಗಾರ ಮಂಡಳಿಯ ಅಧ್ಯಕ್ಷರೂ, ಬಂಪರಿನಲ್ಲಿ ತಮ್ಮ ಮುಖ ನಿಚ್ಚಳವಾಗಿ ಕಾಣುವ ತನಕ ಯಾರಿಗೂ ಅಂಕ ಕೊಡದ ನಿಷ್ಠುರರೂ ಆದ ಶ್ರೀ ಡ್ವೇನ್ ಟಿಮರ್‌ಮನ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ಮಾಡು ಕೊಯ್ದು ತಗ್ಗಿಸಿ, ಇಂಜಿನ್ನಿನ ಮುಚ್ಚಳ ಕಿತ್ತೆಸೆದು, ಪಕ್ಕೆಗಳಿಗೆ ಬೆಂಕಿಯ ನಾಲಗೆ ಬರೆಸಿ ತಾವು ಹೆತ್ತ ಮಗುವಿನಂತೆ ಸಾಕಿಕೊಂಡಿರುವ ಆ ಹಳೆಯ ಕೂಪೆ ಕಾರಿಗೂ ನನ್ನ ಅನಂತ ನಮಸ್ಕಾರಗಳು. ನೆಬ್ರಾಸ್ಕಾದ ಈ ಜುಲೈ ಬಿಸಿಲಿನಲ್ಲಿ ಅದರ ಬಣ್ಣ ಬಾಡದೆ, ತಮ್ಮ ಬೋಳುತಲೆ ಸುಡದೆ, ತಾವಿಬ್ಬರೂ ಕ್ಷೇಮವಾಗಿರುವಿರೆಂದು ನಂಬಿ ಈ ಬಹಿರಂಗ ಪತ್ರವನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ತಮ್ಮ ಮಂಡಳಿ ದಯಪಾಲಿಸಿದ ಕೆಂಪು ರಿಬ್ಬನ್ ಮೊನ್ನೆ ಅಂಚೆಯಲ್ಲಿ ತಲುಪಿತು. ಹಳೆಗಾಲದ ಉಡುಪಿನ ಸ್ಪರ್ಧೆಯಲ್ಲಿ ನನಗೆ ಎರಡನೇ ಸ್ಥಾನ ಬಂದಿದೆ ಎಂದು ತಿಳಿದು ನಾನೂ ನನ್ನ ಬೆಕ್ಕೂ ಸಮಾನವಾಗಿ ಬೆರಗಾದೆವು. ಜೊತೆಗೆ ತಾವು ಸ್ವಹಸ್ತದಿಂದ ಬರೆದ ಷರಾ ಹೀಗಿದೆ: ‘ಪಾತ್ರ, ಮದುಮಗಳು. ಉಡುಪು ಉತ್ತಮ. ಶೂ ಕಾಲಕ್ಕೆ ಹೊಂದುವುದಿಲ್ಲ. ಗಾಬರಿಯ ಅಭಿನಯ ಸ್ವಲ್ಪ ಅತಿಯಾಯಿತು.’ ಮಾನ್ಯರೇ, ನಾನು ಅಭಿನಯಿಸುತ್ತಿರಲಿಲ್ಲ. ಅಂದು ಮಧ್ಯಾಹ್ನ ಎರಡು ಗಂಟೆಗೆ ನಿಜವಾಗಿಯೂ ನನ್ನ ಮದುವೆಯಿತ್ತು.

ತಾವು ಲಿಂಕನ್ ನಗರದವರು, ತಮ್ಮ ಕ್ಲಬ್ಬಿನವರೆಲ್ಲ ಹೊರಗಿನವರು. ಆದ್ದರಿಂದ ನನ್ನ ವರನ ಪರಿಚಯ ತಮಗಿಲ್ಲ. ಎಮಿಲ್ ಸ್ಲಡೆಕ್ ಎಂಬಾತ ಬಿತ್ತನೆ ಜೋಳ ಮಾರಿ ನಿವೃತ್ತನಾದ ವಿಧುರ, ಮಾತು ಕಡಿಮೆ, ತಾಳ್ಮೆ ಜಾಸ್ತಿ. ಅವನನ್ನು ಮದುವೆಯಾಗುತ್ತೇನೆಂದು ಈ ಹಿಂದೆ ಎರಡು ಸಲ ಒಪ್ಪಿ ಎರಡು ಸಲವೂ ಕೈಕೊಟ್ಟವಳು ಈ ಅರ್ಲೀನ್ ವೊಂದ್ರಾಕ್. ಮೊದಲ ಸಲ ಚರ್ಚಿನಲ್ಲಿ ಮದುವೆಯ ಪ್ರಕಟಣೆಗೆ ಹೆಸರು ಓದಿಸಿದ ಮೇಲೆ ಬೇಡವೆಂದೆ. ಎರಡನೇ ಸಲ ಊಟದ ಹಾಲ್ ಗೊತ್ತುಮಾಡಿ, ಅಕಾರ್ಡಿಯನ್ ಬಾರಿಸುವವರಿಗೆ ಹೇಳಿಯೂ ಆದ ಮೇಲೆ, ಡೆನ್ವರಿನ ತಂಗಿಯ ಮನೆಗೆ ಹೋಗಿ ಕುಳಿತೆ. ಎಮಿಲ್ ಒಂದು ಸಲವೂ ಜಗಳವಾಡಲಿಲ್ಲ. ಈ ಮೂರನೇ ಸಲ ಮಾತ್ರ, ನನ್ನ ಅಡುಗೆಮನೆಯ ಬಾಗಿಲಲ್ಲಿ ಟೋಪಿ ತಿರುಗಿಸುತ್ತ ನಿಂತು, ‘ಈ ಸಲ ನೀನು ಬರ್ಲಿಲ್ಲ ಅಂದ್ರೆ ನಾನಿನ್ನು ಕೇಳಲ್ಲ ಅರ್ಲೀನ್’ ಎಂದಿದ್ದ. ಅರವತ್ತನಾಲ್ಕು ವರ್ಷದ ಹೆಂಗಸಿಗೆ ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು.

ಹೀಗಾಗಿ ಆ ಶನಿವಾರ ನಾನು ನನ್ನ ತಾಯಿಯ ಮದುವೆಯ ಕೆನೆಬಣ್ಣದ ಸೂಟು, ಮೊಣಕೈವರೆಗಿನ ಕೈಗವಸು, ತಲೆಯ ಮೇಲೆ ಡಬ್ಬಿಯಂಥ ಪುಟ್ಟ ಟೋಪಿ ಧರಿಸಿ, ಕಾಲಿಗೆ ಮಾತ್ರ ಹೊಸ ಶೂ ಹಾಕಿ, ನನ್ನ ತಂದೆ ಕೊಂಡಿದ್ದ, ನಾನು ಇಂದಿಗೂ ಕೋಳಿ ಆಹಾರದಿಂದ ಹಿಡಿದು ಆಲೂಗಡ್ಡೆ ಮೂಟೆಯ ತನಕ ಎಲ್ಲವನ್ನೂ ಹೇರುವ ತಿಳಿಹಸಿರು ಸ್ಟೇಷನ್ ವ್ಯಾಗನ್ನಿನಲ್ಲಿ ಹೊರಟೆ. ಹಿಂದಿನ ಸೀಟು ಮಡಿಸಿ ಅಲ್ಲಿ ಕೊಲಾಚೆಯ ತಟ್ಟೆಗಳನ್ನು ಇಟ್ಟಿದ್ದೆ. ಗಸಗಸೆ, ಏಪ್ರಿಕಾಟ್, ಒಣ ಪ್ಲಮ್, ಹೀಗೆ ಬಗೆಬಗೆಯ ಹೂರಣದ ಈ ಬನ್ನುಗಳಿಲ್ಲದೆ ಬೊಹೀಮಿಯಾದಿಂದ ಬಂದು ನೆಲೆಸಿದ ನಮ್ಮವರ ಮದುವೆ ಮದುವೆಯೇ ಅಲ್ಲ. ಚರ್ಚಿರುವುದು ಊರಾಚೆಯ ಗುಡ್ಡದ ಮೇಲೆ. ಅಲ್ಲಿಗೆ ಮುಖ್ಯ ಬೀದಿಯಲ್ಲೇ ಹಾದುಹೋಗಬೇಕು. ಆ ಬೀದಿಯನ್ನು ತಾವು ಅಂದು ತಮ್ಮದಾಗಿಸಿಕೊಂಡಿದ್ದಿರಿ.

ಬೀದಿಯ ಬಾಯಲ್ಲಿ ಕಿತ್ತಳೆ ಅಂಗಿಯ ತಮ್ಮ ಸ್ವಯಂಸೇವಕರೊಬ್ಬರು ಬಾವುಟ ಹಿಡಿದು ನಿಂತಿದ್ದರು. ನನ್ನ ಗಾಡಿಯನ್ನು ಕಂಡದ್ದೇ ತಡ, ಅವರು ಎದೆಯ ಮೇಲೆ ಕೈಯಿಟ್ಟುಕೊಂಡು, ‘ಅಯ್ಯಯ್ಯೋ, ಇಷ್ಟು ದಿನ ಎಲ್ಲಿದ್ದಳು ಈ ಸುಂದರಿ’ ಎಂದರು. ಗಾಡಿಗೆ ಹೇಳಿದ್ದೆಂದು ತಿಳಿಯದೆ ನಾನು ನಾಚಿದೆ. ಆ ನಾಚಿಕೆಯಲ್ಲಿ ಅವರ ಬಾವುಟ ತೋರಿಸಿದತ್ತ ಸ್ಟಿಯರಿಂಗ್ ತಿರುಗಿಸಿಬಿಟ್ಟೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮಲ್ಲೂ ಇದ್ದಾರೆ. ಆದರೆ ಯಾರೂ ಏನೂ ಹೇಳುವ ಮೊದಲೇ ಕಟ್ಟಿಹಾಕುವ ಕಾರ್ಯದಕ್ಷತೆಯನ್ನು ನಾನು ತಮ್ಮ ಸಂಸ್ಥೆಯಲ್ಲಿಯೇ ಕಂಡದ್ದು. ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ನನ್ನ ಮುಂದೆ ಒಂದು ಕೂಪೆ, ಹಿಂದೆ ಒಂದು ಟ್ರಕ್ಕು, ಗಾಜಿನ ಮೇಲೆ ಒಂದು ಚೀಟಿ: ‘ಬದುಕುಳಿದವರು. ಮೂಲ ಸ್ಥಿತಿಯಲ್ಲಿದೆ. ಮುಟ್ಟಬೇಡಿ.’

ರಿಪೇರಿ, ಹೊಸ ಬಣ್ಣ ಯಾವುದನ್ನೂ ಕಾಣದೆ ಹುಟ್ಟಿದ ರೂಪದಲ್ಲೇ ಉಳಿದ ಗಾಡಿಗಳಿಗೆ ತಾವು ‘ಬದುಕುಳಿದವರು’ ಎನ್ನುವುದು ನನಗಾಗ ಗೊತ್ತಿರಲಿಲ್ಲ. ಬಿರುಗಾಳಿಗೆ ಮನೆಮಠ ಕಳೆದುಕೊಂಡವರ ಶಿಬಿರವೇನೋ ಎಂದುಕೊಂಡು, ನನಗೆ ಅಂಥದ್ದೇನೂ ಆಗಿಲ್ಲ, ದಯವಿಟ್ಟು ದಾರಿ ಬಿಡಿ ಎಂದೆ. ಸುತ್ತಲಿನವರು ಮೆಚ್ಚಿ ನಕ್ಕರು. ಎರಡು ಗಂಟೆಗೆ ನನ್ನ ಮದುವೆ ಎಂದೆ. ಚಪ್ಪಾಳೆ ಬಿತ್ತು. ವರ ಗುಡ್ಡದ ಮೇಲೆ ಕಾಯುತ್ತಿದ್ದಾನೆ, ಅವನು ಮೊಬೈಲು ಇಟ್ಟುಕೊಳ್ಳುವ ಪೈಕಿಯಲ್ಲ, ಪಾದ್ರಿಗಳು ಪೂಜೆಯ ಹೊತ್ತಿಗೆ ತಮ್ಮದನ್ನು ಆರಿಸಿಬಿಡುತ್ತಾರೆ, ನಾನು ಈ ಹಿಂದೆ ಎರಡು ಸಲ ಓಡಿಹೋದವಳು ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಬಿಡಿಸಿ ಹೇಳಿದಾಗ, ಒಬ್ಬ ಮಹನೀಯರು ಹೆಂಡತಿಯನ್ನು ಕೂಗಿ ಕರೆದು, ಕತೆ ಬಹಳ ಚೆನ್ನಾಗಿ ಕಟ್ಟಿದ್ದಾರೆ, ಬಂದು ಕೇಳು ಎಂದರು. ನನ್ನನ್ನು ಗುರುತಿಸಿ ಸಾಕ್ಷಿ ಹೇಳಬಲ್ಲ ಊರಿನವರೊಬ್ಬರೂ ಅಲ್ಲಿರಲಿಲ್ಲ. ಅವರೆಲ್ಲ ನನ್ನ ಮದುವೆಗೆ ಹೋಗಿದ್ದರು.

ಆಗ ತಾವು ದಯಮಾಡಿಸಿದಿರಿ. ತಮ್ಮ ಕೈಯಲ್ಲಿ ಅಂಕದ ಹಲಗೆ, ಕೊರಳಲ್ಲಿ ಸೀಟಿ. ಮಕ್ಕಳು ಓಡಾಡುವ ಜಾಗವಾದ್ದರಿಂದ, ಒಳಗೆ ಬಂದು ನಿಂತ ಗಾಡಿ ಬಹುಮಾನ ಹಂಚುವ ನಾಲ್ಕು ಗಂಟೆಯ ತನಕ ಇಂಜಿನ್ ಚಾಲೂ ಮಾಡುವಂತಿಲ್ಲ ಎಂಬ ನಿಯಮವನ್ನು ತಾವು ಎಷ್ಟು ಸೌಜನ್ಯದಿಂದ ವಿವರಿಸಿದಿರೆಂದರೆ, ಜೈಲಿನ ಅಧಿಕಾರಿಗಳನ್ನು ತರಬೇತಿಗೆ ತಮ್ಮ ಬಳಿಯೇ ಕಳಿಸಬೇಕು. ನಾನು ನಡೆದೇ ಹೋಗುತ್ತೇನೆಂದು ಹೊರಟೆ. ಬ್ಯಾಂಕಿನ ಮೂಲೆಗೆ ಬರುವಷ್ಟರಲ್ಲಿ ಹೊಸ ಶೂ ಹಿಮ್ಮಡಿ ಕಚ್ಚಿ ರಕ್ತ ಬಂತು. ಮೈಲಿಗಟ್ಟಲೆ ಜೋಳದ ಹೊಲದ ನಡುವಿನ ದಾರಿ ನೆನೆದು ಕುಂಟುತ್ತ ಹಿಂದಿರುಗಿದೆ. ನೋಡಿದರೆ ನನ್ನ ಗಾಡಿಯ ಹಿಂಬಾಗಿಲು ತೆರೆದಿತ್ತು. ಬಂದವರೆಲ್ಲ ನನ್ನ ಕೊಲಾಚೆ ತಿನ್ನುತ್ತಿದ್ದರು. ಗಾಡಿಯನ್ನು ಮುಟ್ಟಬಾರದೆಂಬ ಚೀಟಿಯನ್ನು ಪ್ರತಿಯೊಬ್ಬರೂ ಶಿಸ್ತಿನಿಂದ ಪಾಲಿಸುತ್ತ, ಬಾಗಿಲಿಗೆ ಮೈ ತಾಗದಂತೆ ಕೈ ಮಾತ್ರ ಒಳಗೆ ಚಾಚುತ್ತಿದ್ದುದನ್ನು ನಾನು ಎಂದಿಗೂ ಮರೆಯಲಾರೆ. ಗಸಗಸೆಯದೊಂದನ್ನು ತಾವೂ ಸ್ವೀಕರಿಸಿ, ಆ ಕಾಲದ ರುಚಿಯೇ ಬೇರೆ ಎಂದು ಹೊಗಳಿದಿರಿ. ಅವನ್ನು ನಾನು ಅಂದು ಬೆಳಗ್ಗೆ ಬೇಯಿಸಿದ್ದೆ.

ಆಮೇಲೆ ನಾನು ಪಾದಚಾರಿ ಕಟ್ಟೆಯ ಮೇಲೆ ಕುಳಿತು ಅತ್ತದ್ದು ಹೌದು. ತಾವು ಅಂಕ ಬರೆದುಕೊಂಡದ್ದು ಆ ಹೊತ್ತಿನಲ್ಲೇ ಇರಬೇಕು. ಚರ್ಚಿನ ಗಂಟೆ ಗುಡ್ಡದಿಂದ ಎರಡು ಸಲ ಬಾರಿಸಿದ್ದು ಅಲ್ಲಿಗೂ ಕೇಳಿಸಿತು. ಎಮಿಲ್ ಟೋಪಿ ತಿರುಗಿಸುತ್ತ ನಿಂತಿರುವುದು ಕಣ್ಣಿಗೆ ಕಟ್ಟಿದಂತಾಯಿತು.

ನನ್ನನ್ನು ಕಾಪಾಡಿದ್ದು, ಮಾನ್ಯರೇ, ತಮ್ಮವರದೇ ಒಂದು ಕಾಯಿಲೆ. ನನ್ನ ಮುಂದಿದ್ದ ಕೂಪೆಯ ಒಡೆಯರಾದ ಡಾಕ್ಟರ್ ವೆನ್ಜ್ ಎಂಬ ಹಲ್ಲಿನ ವೈದ್ಯರು, ಮಡಿಚುವ ಕುರ್ಚಿಯಲ್ಲಿ ಒರಗಿ ನಿಂಬೆ ಪಾನಕ ಕುಡಿಯುತ್ತ ಅಷ್ಟೂ ಹೊತ್ತು ನನ್ನನ್ನು ಗಮನಿಸುತ್ತಿದ್ದರು. ಹಳೆಯ ಗಾಡಿಗೆ ಒಂದೇ ಒಂದು ಹೊಸ ತಿರುಪು ಹಾಕಿದ್ದರೂ ಅದನ್ನು ಕಂಡುಹಿಡಿದು ಹೇಳದಿದ್ದರೆ ತಮ್ಮವರಿಗೆ ಉಂಡದ್ದು ಅರಗುವುದಿಲ್ಲವಷ್ಟೆ. ಅವರು ನನ್ನ ಕಾಲನ್ನೇ ನೋಡಿ ನೋಡಿ, ಎದ್ದುಬಂದು, ಮುಂದೆ ಕುಕ್ಕರಗಾಲಲ್ಲಿ ಕುಳಿತು, ಹಿಮ್ಮಡಿಯ ರಕ್ತ ಕಂಡರು. ಬಳಿಕ ತಮ್ಮತ್ತ ತಿರುಗಿ ಹೇಳಿದರು: ‘ಡ್ವೇನ್, ಮೇಲಿಂದ ಕೆಳಗಿನ ತನಕ ಎಲ್ಲಾ ಆ ಕಾಲದ್ದೇ. ಶೂ ಮಾತ್ರ ಈ ವರ್ಷದ್ದು. ವೇಷ ಕಟ್ಟೋರು ಯಾರೂ ಈ ತಪ್ಪು ಮಾಡಲ್ಲ ಕಣಯ್ಯ. ಈಯಮ್ಮನಿಗೆ ನಿಜವಾಗ್ಲೂ ಮದುವೆ ಇದೆ.’

ತಿನ್ನುತ್ತಿದ್ದವರು ಬಾಯಲ್ಲಿದ್ದುದನ್ನು ನುಂಗಲೋ ಉಗುಳಲೋ ತಿಳಿಯದೆ ನಿಂತರು. ಇಷ್ಟಾದರೂ ತಾವು ನಿಯಮದ ಹಲಗೆಯನ್ನು ಎದೆಗವಚಿಕೊಂಡು, ನಾಲ್ಕು ಗಂಟೆಯ ಮೊದಲು ಇಂಜಿನ್ ಚಾಲೂ ಮಾಡುವಂತಿಲ್ಲ ಎಂದು ಇನ್ನೊಮ್ಮೆ ಓದಿದಿರಿ. ಆ ನಿಷ್ಠೆಗೆ ನಾನು ತಲೆಬಾಗುತ್ತೇನೆ. ಅದಕ್ಕೆ ಡಾಕ್ಟರು, ಇಂಜಿನ್ ಚಾಲೂ ಆಗಬಾರದು ಎಂದಿದೆಯೇ ಹೊರತು ಗಾಲಿ ಉರುಳಬಾರದು ಎಂದಿಲ್ಲವಲ್ಲ ಎಂದು ಅಂಗಿಯ ತೋಳು ಮಡಿಸಿದರು. ಮುಂದಿನ ಕೂಪೆಯನ್ನು ಕೈಯಿಂದಲೇ ತಳ್ಳಿ ಸರಿಸಿದರು. ಬಳಿಕ ಬೋಳುತಲೆಯವರು, ಗಡ್ಡದವರು, ಭುಜದ ಮೇಲೆ ಪಿಸ್ಟನ್ ಹಚ್ಚೆಯವರು, ಎಲ್ಲ ಸೇರಿ ನನ್ನ ಗಾಡಿಗೆ ಹೆಗಲು ಕೊಟ್ಟರು; ತಮ್ಮ ಗಾಡಿಗಳ ಮೇಲೆ ನೊಣ ಕೂರಲು ಬಿಡದವರು ನನ್ನ ಬಂಪರಿನ ಧೂಳಿಗೆಲ್ಲ ಕೆನ್ನೆ ಒತ್ತಿ ತಳ್ಳಿದರು. ತಾವು ಮುಂದೆ ಮುಂದೆ ಸೀಟಿ ಊದುತ್ತ ದಾರಿ ಬಿಡಿಸಿದಿರಿ ಎಂಬುದನ್ನು ಇಲ್ಲಿ ದಾಖಲಿಸದಿದ್ದರೆ ನನಗೆ ಪಾಪ ತಟ್ಟುತ್ತದೆ. ಹಗ್ಗದ ಗಡಿ ದಾಟಿದ ಮೇಲೆ ನಾನು ಕೀಲಿ ತಿರುಗಿಸಿದೆ.

ಊರು ಮುಗಿದಲ್ಲಿ ಒಂದು ಕವಲುದಾರಿಯಿದೆ. ಎಡಕ್ಕೆ ಹೋದರೆ ಡೆನ್ವರಿನ ಹೆದ್ದಾರಿ, ಬಲಕ್ಕೆ ಚರ್ಚು. ನಿಜ ಹೇಳುತ್ತೇನೆ, ಅಂದು ಬೆಳಗ್ಗೆ ಮನೆ ಬಿಡುವಾಗ ಆ ಕವಲಿನಲ್ಲಿ ಏನು ಮಾಡುವೆನೆಂದು ನನಗೇ ಖಾತರಿಯಿರಲಿಲ್ಲ. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿದ್ದುದು ಒಂದೇ: ಅವನು ಹೊರಟುಹೋಗಿರಬಾರದು. ಎಡಕ್ಕೊಂದು ದಾರಿ ಇದೆಯೆಂಬುದೇ ಮರೆತುಹೋಗಿತ್ತು.

ಚರ್ಚಿನಂಗಳ ಖಾಲಿಯಾಗಿತ್ತು. ಕಾದು ಸಾಕಾದ ನೆಂಟರು, ಮಾಡಿದ ಅಡುಗೆಯಾದರೂ ಕೆಡದಿರಲೆಂದು ಹಾಲ್‌ಗೆ ಹೋಗಿ ಊಟಕ್ಕೆ ಕುಳಿತಿದ್ದರು. ಎಮಿಲ್ ಒಬ್ಬನೇ ಮೆಟ್ಟಿಲ ಮೇಲೆ, ಟೈ ಬಿಚ್ಚಿ ಜೇಬಿಗೆ ತುರುಕಿಕೊಂಡು ಕುಳಿತಿದ್ದ. ನಾನು ಶೂ ಕೈಯಲ್ಲಿ ಹಿಡಿದು ಓಡಿಹೋಗಿ ಅವನೆದುರು ನಿಂತು, ಏದುಸಿರಿನಲ್ಲೇ, ‘ತಡೆದುಬಿಟ್ರು ಎಮಿಲ್, ಬರೋದಕ್ಕೇ ಬಿಡ್ಲಿಲ್ಲ’ ಎಂದೆ. ಅವನು ನನ್ನನ್ನೂ, ಗಾಜಿನ ಮೇಲಿನ ತಮ್ಮ ಚೀಟಿಯನ್ನೂ, ಖಾಲಿ ತಟ್ಟೆಗಳನ್ನೂ ಸಾವಕಾಶವಾಗಿ ನೋಡಿದ.

‘ತಡೆದ್ರಾ?’ ಎಂದ. ‘ಹಾಗಾದ್ರೆ ಅದಕ್ಕೇ ಬಂದಿದ್ದೀಯ.’

ಮಾನ್ಯರೇ, ಆ ಮಾತಿಗೆ ನಾನು ಮೆಟ್ಟಿಲ ಮೇಲೆ ಕುಸಿದು ಕುಳಿತು ನಕ್ಕೆ, ಅತ್ತೆ, ಮತ್ತೆ ನಕ್ಕೆ. ಹಿಂದಿನ ಎರಡೂ ಸಲ ತಂಗಿ, ಪಾದ್ರಿಗಳು, ಅಂಚೆಯಾಳು, ಕಟಿಂಗ್ ಅಂಗಡಿಯವಳು, ಹೀಗೆ ಇಡೀ ಊರು ಚರ್ಚಿಗೆ ಹೋಗು ಹೋಗು ಎಂದು ನನ್ನ ಬೆನ್ನಿಗೆ ಕೈಯಿಟ್ಟು ನೂಕಿತ್ತು. ಹೋಗಕೂಡದು ಎಂದವರು ನನ್ನ ಜೀವಮಾನದಲ್ಲಿ ತಾವೊಬ್ಬರೇ. ಅದನ್ನು ಎಮಿಲ್ ಅರೆಗಳಿಗೆಯಲ್ಲಿ ತಿಳಿದುಕೊಂಡ. ನನಗೆ ಅರವತ್ತನಾಲ್ಕು ವರ್ಷ ಬೇಕಾಯಿತು. ಪಾದ್ರಿಗಳನ್ನು ಊಟದ ತಟ್ಟೆ ಬಿಡಿಸಿ ಎಬ್ಬಿಸಿ ತಂದೆವು. ಅವರ ಗಡ್ಡಕ್ಕೆ ಅಂಟಿದ್ದ ಸಾರಿನ ಸಾಕ್ಷಿಯಲ್ಲಿ ನನ್ನ ಮದುವೆಯಾಯಿತು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳೆಂದರೆ, ‘ಅಭಿನಯ ಅತಿಯಾಯಿತು’ ಎಂಬ ಷರಾವನ್ನು ದಯಮಾಡಿ ಹೊಡೆದುಹಾಕಬೇಕು. ತಮ್ಮ ಸದಸ್ಯರು ಸೇವಿಸಿದ ಕೊಲಾಚೆಗಳನ್ನು ಮೂಲ ಸ್ಥಿತಿಯಲ್ಲಿ ಹಿಂದಿರುಗಿಸಬೇಕು. ಮತ್ತು ಮುಂದಿನ ಬೇಸಿಗೆಯಿಂದ, ಮನಸ್ಸು ಗಟ್ಟಿಯಿಲ್ಲದೆ ಮದುವೆಗೆ ಹೊರಟ ಹೆಂಗಸರು ಸುತ್ತ ಹತ್ತು ಊರುಗಳಲ್ಲಿ ಎಲ್ಲಿದ್ದರೂ, ಅವರನ್ನು ಹಿಡಿದು ತಂದು ಆ ಸಾಲಿನಲ್ಲಿ ಗಂಟೆಹೊತ್ತು ನಿಲ್ಲಿಸುವ ಏರ್ಪಾಡನ್ನು ತಾವು ಖುದ್ದಾಗಿ ವಹಿಸಿಕೊಳ್ಳಬೇಕು. ಹೋಗಬೇಕೆನ್ನಿಸಿದವರು ಅತ್ತಾರು. ಅವರಿಗೆ ದಾರಿ ಬಿಡಿ. ಅಳದವರನ್ನು ತಾವೇ ಡೆನ್ವರಿನ ಬಸ್ಸು ಹತ್ತಿಸಿ.

ಹೊಸ ಶೂವಿನ ಗಾಯ ಮಾಯುವ ತನಕ ಮಾತ್ರ ಕೋಪದಿಂದಿರುವ,
ತಮ್ಮ ವಿಶ್ವಾಸಿ,
ಅರ್ಲೀನ್ ವೊಂದ್ರಾಕ್ ಸ್ಲಡೆಕ್

ಮರೆತ ಮಾತು: ಮೊದಲ ಬಹುಮಾನ ಪಡೆದವರು ‘ಗಂಡನ ಕಾರಿನ ಪಕ್ಕ ದಿನವಿಡೀ ಸಂತೋಷದಿಂದ ಕುಳಿತ ಗೃಹಿಣಿ’ಯ ಪಾತ್ರ ವಹಿಸಿದ್ದರೆಂದೂ, ಅವರು ತಮ್ಮ ಧರ್ಮಪತ್ನಿಯೆಂದೂ ನಿನ್ನೆಯಷ್ಟೇ ತಿಳಿಯಿತು. ಆ ತೀರ್ಪಿನ ಬಗ್ಗೆ ನನ್ನದೇನೂ ತಕರಾರಿಲ್ಲ. ನಾನು ನಟಿಸಿರಲಿಲ್ಲ, ಅವರು ನಟಿಸಿದ್ದಾರೆ. ಬಹುಮಾನ ಅವರಿಗೇ ಸಲ್ಲತಕ್ಕದ್ದು.