ಹಾಕಿ ಟೀಮು ಕೆಡಿಸಿದ್ದು ಯಾರು

ನಮ್ಮೂರ ಹುಡುಗೀರ ಹಾಕಿ ಟೀಮಿನ ಕಮಿಟಿ ಸೇರೋದು ನನ್ನ ಮನೆ ಜಗಲಿ ಮೇಲೆ. ಇರೋದು ಮೂರೇ ಜನ: ಅಧ್ಯಕ್ಷ, ಸೆಕ್ರೆಟ್ರಿ, ಆಮೇಲೆ ಜಗಲಿ ನಂದಾದ್ದರಿಂದ ನಾನು. ಕೂತರೆ ಒಂದು ತೀರ್ಮಾನ, ಎದ್ದರೆ ಒಂದು ಎಡವಟ್ಟು.

೧. ಅಟ್ಟ ಸೇರಿದ ಸ್ಟಿಕ್ಕು

ಅಧ್ಯಕ್ಷನದು ಕೊಬ್ಬರಿ ವ್ಯಾಪಾರ. ಹೊಸ ಸ್ಟಿಕ್ಕು ಬಂದಾಗ, "ಭದ್ರವಾಗಿ ನಮ್ಮ ಅಟ್ಟದ ಮೇಲಿರಲಿ" ಅಂದ. ಇಟ್ಟ. ಅದರ ಮೇಲೇ ಕೊಬ್ಬರಿಗೆ ಅಂತ ಐದಾರು ಸಾವಿರ ಕಾಯಿ ಸುರಿದ.

ಕೆಂಕೆರೆಯೋರ ಮೇಲೆ ಮ್ಯಾಚು ಬಂತು. ಸ್ಟಿಕ್ಕು ಕೇಳಿದರೆ, "ಕಾಯಿ ಒಣಗೋಕೆ ವರ್ಷ ಬೇಕು ಕಣಜ್ಜಿ, ಈಗ ಕದಲಿಸಿದರೆ ಕೆಟ್ಟೋಯ್ತವೆ" ಅಂದ. ಹುಡುಗೀರು ತೆಂಗಿನ ಮಟ್ಟೆ ಕೆತ್ತಿಕೊಂಡು ಆಡಿದರು. ಹೆಂಗೋ ಗೆದ್ದರು. ಅಧ್ಯಕ್ಷ ಹಾರ ಹಾಕಿಸಿಕೊಂಡು ಹೇಳಿದ, "ನೋಡಿದ್ರಾ, ಸ್ಟಿಕ್ಕು ಉಳೀತು."

೨. ಸುಮ್ಮನೆ ನಿಂತೋಳು

ಗೋಲು ಕಾಯೋಳು ದರ್ಜಿ ಸಾಬರ ಮಗಳು. ಆಟ ಅಂದರೆ ಊಟ ಬಿಡ್ತಾಳೆ. ಆ ಮ್ಯಾಚಲ್ಲಿ ಒಂದು ಬಾಲೂ ಅವಳ ತನಕ ಬರಲಿಲ್ಲ.

"ಇವಳು ಬರೀ ನಿಂತಿರ್ತಾಳೆ. ಇವಳ ಬದಲು ಮುಂದೆ ಓಡೋಳು ಒಬ್ಬಳು ಇರಲಿ" ಅಂದ ಅಧ್ಯಕ್ಷ.

"ಗೋಲಿಗೆ ಬಾಲು ಬಂದರೆ?" ಅಂದ ಸೆಕ್ರೆಟ್ರಿ.

"ಬಂದಾಗ ನೋಡ್ಕೊಳ್ಳೋಣ ಬುಡು."

ಮುಂದಿನ ಮ್ಯಾಚಲ್ಲಿ ತುರುವೇಕೆರೆಯೋರು ಒಂಬತ್ತು ಗೋಲು ಹೊಡೆದರು. ಅಧ್ಯಕ್ಷ ಒಂಬತ್ತನ್ನೂ ನೋಡ್ಕೊಂಡ.

೩. ಸಹಿ ಹಾಕಿದೋರು

ದರ್ಜಿ ಮಗಳು ಅಳ್ತಾ ಬಂದಳು. "ನನ್ನ ಯಾಕೆ ತೆಗೆದ್ರು ಅಜ್ಜಿ? ಮುಂದಿನ ಮ್ಯಾಚಿಗಾದ್ರೂ ನಿಲ್ಲಿಸ್ತಾರಾ?" ಅಧ್ಯಕ್ಷನ್ನ ಕೇಳಿದರೆ, "ಬರೆದೋನು ಸೆಕ್ರೆಟ್ರಿ" ಅಂದ. ಸೆಕ್ರೆಟ್ರಿ, "ಕಮಿಟಿ ಹೇಳಿದ್ದು ಬರೆದೆ" ಅಂದ.

ನಾನು ಬಿಡೋಳಾ? ನಲ್ಲಿ ಹತ್ತಿರ, ಹಿಟ್ಟಿನ ಗಿರಣಿ ಹತ್ತಿರ ಎಲ್ಲ ಸಾರಿಕೊಂಡು ಬಂದೆ. "ನಾಳೆ ಕಮಿಟಿ ತೀರ್ಮಾನ ಬರೆಯೋ ಪುಸ್ತಕ ತೆಗೆಸ್ತೀನಿ. ಸಹಿ ಯಾರದ್ದೋ ಆ ಅಯೋಗ್ಯನೇ ಹೊಣೆ. ಬನ್ರೀ ನೋಡೀರಂತೆ."

ಬೀದಿಗೆ ಬೀದಿಯೇ ಬಂತು. ಪುಸ್ತಕ ತೆಗೆದರು. ಸ್ಟಿಕ್ಕಿನ ಹಾಳೇಲಿ ಒಂದೇ ಸಹಿ, ಗೋಲಿನ ಹಾಳೇಲೂ ಒಂದೇ ಸಹಿ. ಎರಡೂ ನಂದೇ.

"ಹಿರಿಯರು ಮೊದಲು ಹಾಕಿ" ಅಂತ ಪುಸ್ತಕ ಮುಂದಿಡೋರು. ನನಗೆ ಬರೆಯೋಕೆ ಬರೋದೇ ನನ್ನ ಹೆಸರು, ಚೆಂದಾಗಿ ಬರೆದುಕೊಡ್ತಿದ್ದೆ. ಅವರಿಬ್ಬರೂ "ನಾಳೆ ಹಾಕ್ತೀವಿ" ಅಂತ ಎದ್ದು ಹೋಗಿದ್ದರು.

ದರ್ಜಿ ಮಗಳು ಕಣ್ಣೊರೆಸಿಕೊಂಡು ಮೆಲ್ಲಗೆ ಅಂದಳು, "ಹೊಣೆಗಾರರು ಸಿಕ್ಕಿದ್ರಲ್ಲ ಬುಡಿ ಅಜ್ಜಿ."

"ಸಿಕ್ಕಿಬಿದ್ದೆ ಕಣೇ. ಹೊಣೆ ನಂದಾದಮೇಲೆ ಮಾತೂ ನಂದೇ. ಬರಿಯೋ ಸೆಕ್ರೆಟ್ರಿ, ಗೋಲಿಗೆ ಇವಳೇ ನಿಲ್ಲಬೇಕು. ಸ್ಟಿಕ್ಕು ಇವತ್ತೇ ಅಟ್ಟದಿಂದ ಇಳೀಬೇಕು."

ಅಧ್ಯಕ್ಷ ಧಡಕ್ಕನೆ ಎದ್ದು ನಿಂತ. "ಕಾಯಿ ಕೆಟ್ಟರೆ ಯಾರಜ್ಜಿ ಹೊಣೆ?"

ಪೆನ್ನು ಅವನ ಕೈಗೆ ಕೊಟ್ಟೆ. "ಈ ಸಲ ನೀನೇ ಮೊದಲು ಹಾಕಪ್ಪ."